ಕಿಟಕಿಯ ಕೆಳಗಿನ ಸೋರೆಬಳ್ಳಿ

ರೋಗಿಗಳ ಆರೈಕೆ ಕಲಿಯುತ್ತಿದ್ದ ಶಿಷ್ಯೆಯೊಬ್ಬಳು ಗುರುವಿನ ಬಳಿ ಬಂದು ಕೇಳಿದಳು:

"ಅಮ್ಮಾ, ಗಾಳಿ, ಬೆಳಕು, ಶುಚಿ ಇದ್ದರೆ ಉಳಿದದ್ದನ್ನು ಮೈಯೇ ನೋಡಿಕೊಳ್ಳುತ್ತದೆ ಎಂದು ಒಂದು ಸಿದ್ಧಾಂತ ಹೇಳುತ್ತದೆ. ರೋಗಿ ತನ್ನ ಕೈಲಾದದ್ದನ್ನು ತಾನೇ ಮಾಡಿಕೊಳ್ಳಲಿ, ಕೈಲಾಗದ್ದನ್ನು ಮಾತ್ರ ನೀನು ಮಾಡು ಎಂದು ಇನ್ನೊಂದು ಹೇಳುತ್ತದೆ. ನನ್ನ ಪಾಲಿಗೆ ಬಂದಿರುವ ಅಜ್ಜಿ ಏಳು ಎಂದರೆ ಏಳುವುದಿಲ್ಲ. ಎಲ್ಲ ನಟನೆಯೆಂದು ನನ್ನ ಗುಮಾನಿ. ಅವಳಿಗೆ ಯಾವ ಸಿದ್ಧಾಂತ ಸರಿ?"

ಗುರು ಒಂದು ಕತೆ ಹೇಳಿದರು.

ಒಂದು ಊರಿನ ಆರೈಕೆಮನೆಯಲ್ಲಿ ಒಬ್ಬ ದಾದಿಯಿದ್ದಳು. ಯಾರ ಹಂಗೂ ಇಲ್ಲದೆ, ತಾನೇ ಓದಿ ವಿದ್ಯೆ ಗಳಿಸಿದವಳು. ಕೈಲಾದದ್ದನ್ನು ರೋಗಿಯೇ ಮಾಡಿಕೊಳ್ಳಲಿ ಎಂಬ ಮಾತು ಅವಳಿಗೆ ಬಹಳ ಹಿಡಿಸಿತ್ತು. ಅವಳೂ ಹಾಗೆಯೇ ಬದುಕಿದವಳು.

ಅಲ್ಲಿಗೆ ಲಕ್ವ ಹೊಡೆದ ಒಬ್ಬ ಕುಂಬಾರ ಬಂದ. ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಬಲಗೈ ಗಟ್ಟಿಯಾಗಿತ್ತು. ದಾದಿ ಬಾಗಿಲಲ್ಲಿ ನಿಂತು ಆ ಬಲಗೈಯನ್ನು ನೋಡಿದಳು.

"ಉಣ್ಣುವುದು, ಕುಡಿಯುವುದು, ಹೊರಗೆ ಹೋಗುವುದು ಎಲ್ಲ ನೀನೇ. ಗೋಡೆ ಹಿಡಿದು ನಡೆ. ಸುಮ್ಮಸುಮ್ಮನೆ ನನ್ನನ್ನು ಕೂಗಬೇಡ" ಎಂದಳು.

ಅವನ ಮಗ್ಗುಲಲ್ಲಿ ಒಂದು ಹೂಜಿ ನೀರು, ಒಂದು ಬಟ್ಟಲು ಗಂಜಿ ಇಟ್ಟಳು. ಸಂಜೆಗೆ ಎರಡೂ ಖಾಲಿಯಾಗಿದ್ದವು. ದಿನವೂ ಖಾಲಿಯಾಗುತ್ತಿದ್ದವು. ದಾದಿ ಬೀಗಿದಳು. ಆದರೆ ಕುಂಬಾರನ ಕೆನ್ನೆ ಒಳಕ್ಕೆ ಹೋಯಿತು, ತುಟಿ ಒಡೆಯಿತು. ವೈದ್ಯ ನಾಡಿ ಹಿಡಿದು, "ಹೀಗೇ ಆದರೆ ಇವನು ಇನ್ನೊಂದು ವಾರ ಉಳಿಯುವುದಿಲ್ಲ" ಎಂದ.

ಯಾರೋ ಇವನ ಪಾಲನ್ನು ನುಂಗುತ್ತಿದ್ದಾರೆ ಎಂದುಕೊಂಡಳು ದಾದಿ. ಮೊದಲು ಅಡುಗೆಯವಳ ಮೇಲೆ ಸಂಶಯ ಬಂತು. ತಾನೇ ಗಂಜಿ ಕಾಯಿಸಿ ತಂದಳು. ಕುಂಬಾರ ಇನ್ನೂ ಸೊರಗಿದ. ಆಮೇಲೆ ಪಕ್ಕದ ಹಾಸಿಗೆಯ ವರ್ತಕನ ಹೊಟ್ಟೆಯ ಮೇಲೆ ಕಣ್ಣು ಬಿತ್ತು.

"ಹಾಗೇಕೆ ನೋಡುತ್ತೀರಿ ತಾಯಿ? ಈ ಹೊಟ್ಟೆ ಇಲ್ಲಿ ಬೆಳೆದದ್ದಲ್ಲ, ಮನೆಯಿಂದಲೇ ತಂದದ್ದು" ಎಂದ ವರ್ತಕ. ಆಮೇಲೆ ಕುಂಬಾರನ ಮುಖ ನೋಡಿ ಸುಮ್ಮನಾದ.

ಆ ಸುಮ್ಮನಿರುವಿಕೆಯೂ ದಾದಿಗೆ ಸರಿಕಾಣಲಿಲ್ಲ. ಮಾರನೆಯ ಮಧ್ಯಾಹ್ನ ಅವಳು ಕುಂಬಾರನ ಹಾಸಿಗೆಯ ಪಕ್ಕದ ಕಿಟಕಿಯ ಹೊರಗೆ ಹೊಂಚಿ ಕೂತಳು. ಬಿರುಬೇಸಿಗೆ. ಅಂಗಳದ ಹುಲ್ಲೆಲ್ಲ ಸುಟ್ಟುಹೋಗಿತ್ತು. ಕಿಟಕಿಯ ಕೆಳಗೆ ಮಾತ್ರ ಒಂದು ಸೋರೆಬಳ್ಳಿ ಹಸಿರಾಗಿ ಹಬ್ಬಿತ್ತು. ಅದನ್ನು ನೆಟ್ಟವರೂ ಇಲ್ಲ, ಅದಕ್ಕೆ ನೀರು ಹಾಕುವವರೂ ಇಲ್ಲ. ಅವಳು ಬುಡ ಮುಟ್ಟಿ ನೋಡಿದಳು. ಮಣ್ಣು ಹಸಿಯಾಗಿತ್ತು. ಬೆರಳಿಗೆ ಗಂಜಿಯ ಅಗುಳು ಅಂಟಿತು. ಅಷ್ಟರಲ್ಲಿ ಕಿಟಕಿಯಿಂದ ಒಂದು ಬಲಗೈ ಹೊರಗೆ ಬಂದು ಹೂಜಿಯನ್ನು ಬಗ್ಗಿಸಿತು.

ದಾದಿ ಒಳಗೆ ನುಗ್ಗಿದಳು. "ಸಿಕ್ಕಿಬಿದ್ದೆ! ಸಾಯುವುದಕ್ಕೆ ಬಂದೆಯೇನೋ ಇಲ್ಲಿಗೆ?"

"ಇಲ್ಲ ತಾಯಿ, ಬದುಕುವುದಕ್ಕೇ ಬಂದೆ" ಎಂದ ಕುಂಬಾರ. "ನೀರಾಗಲಿ ಗಂಜಿಯಾಗಲಿ, ಕುಡಿದರೆ ಎದ್ದು ಹೊರಗೆ ಹೋಗಬೇಕಾಗುತ್ತದೆ. ಮೊದಲ ದಿನ ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟೆ, ಬಿದ್ದೆ. ಪಂಚೆ ಅಲ್ಲೇ ಒದ್ದೆಯಾಯಿತು. ಯಾರಿಗೂ ಹೇಳಬೇಡಿ ಎಂದು ಪಕ್ಕದ ಹಾಸಿಗೆಯ ಈ ಶೆಟ್ಟರಿಗೆ ಕೈಮುಗಿದೆ. ನೀವು ಕೂಗಬೇಡ ಅಂದಿದ್ದಿರಿ. ಅದಕ್ಕೇ ನಾಲಿಗೆ ನೆನೆಯುವಷ್ಟು ಕುಡಿದು ಉಳಿದದ್ದನ್ನು ಚೆಲ್ಲುತ್ತೇನೆ. ಹೂಜಿ ತುಂಬಿದ್ದರೆ ನಿಮಗೆ ಗೊತ್ತಾಗುತ್ತದಲ್ಲ."

ದಾದಿ ಹೂಜಿ ತುಂಬಿ ತಂದು ಅವನ ಪಕ್ಕದಲ್ಲಿ ಕೂತಳು. ಅಂದು ಸಂಜೆಯೊಳಗೆ ನಾಲ್ಕು ಸಲ ತೋಳು ಕೊಟ್ಟು ಅವನನ್ನು ಎಬ್ಬಿಸಿದಳು.

ವಾರ ಕಳೆಯುವಷ್ಟರಲ್ಲಿ ಸೋರೆಬಳ್ಳಿ ಒಣಗಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯೆ ಬರೆದುಕೊಳ್ಳಲು ಓಲೆ ತೆಗೆದು, "ಹಾಗಾದರೆ ಆ ಸಿದ್ಧಾಂತ ಸುಳ್ಳೇ ಅಮ್ಮಾ?" ಎಂದಳು.

ಗುರು ಬಾಗಿಲ ಕಡೆ ನೋಡಿ ಕೇಳಿದರು: "ನೀನು ಬಿಟ್ಟುಬಂದ ಆ ಅಜ್ಜಿ ಬೆಳಗಿನಿಂದ ಎಷ್ಟು ನೀರು ಕುಡಿದಿದ್ದಾಳೆ?"