ಉಂಡರಸನ ದಿಬ್ಬ

ಕರಕಿಗೆರೆಯಲ್ಲಿ ಬಸ್ಸಿಳಿದು ಕೆರೆಯ ಏರಿಯ ಮೇಲೆ ಬಡಗಣ ದಿಕ್ಕಿಗೆ ನಡೆದರೆ, ಏರಿ ಮುಗಿಯುವಲ್ಲಿ ಒಂದು ದಿಬ್ಬ ಸಿಗುತ್ತದೆ. ಎತ್ತರ ಹೇಳಿಕೊಳ್ಳುವಂಥದ್ದೇನಲ್ಲ. ಮೇಲೆ ಎರಡು ಬೇವಿನ ಮರ, ಅವುಗಳ ನಡುವೆ ಆಳೆತ್ತರದ ಒಂದು ವೀರಗಲ್ಲು. ಕಾಳಗದಲ್ಲಿ ಮಡಿದವರಿಗಾಗಿ ನಿಲ್ಲಿಸಿದ ಇಂಥ ಕಲ್ಲುಗಳು ನಮ್ಮ ಸೀಮೆಯಲ್ಲಿ ಊರೂರಿಗೂ ಇವೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕೈಹಿಡಿದು ಒಯ್ಯುವ ದೇವಕನ್ನೆಯರು, ಮೇಲಿನದರಲ್ಲಿ ಕೈಲಾಸದ ಲಿಂಗದೆದುರು ಕುಳಿತ ವೀರ. ಇದು ಎಲ್ಲ ಕಲ್ಲುಗಳ ಕ್ರಮ. ಈ ಕಲ್ಲು ಮಾತ್ರ ಎರಡು ಅಂಕಣಗಳವರೆಗೆ ಕ್ರಮ ಪಾಲಿಸಿ ಮೂರನೆಯದರಲ್ಲಿ ತನ್ನ ದಾರಿ ತಾನು ಹಿಡಿದಿದೆ. ಅಲ್ಲಿ ಕೈಲಾಸವಿಲ್ಲ. ಗಡ್ಡದವನೊಬ್ಬ ಚಕ್ಕಳಮಕ್ಕಳ ಹಾಕಿ ಕುಳಿತು ಉಣ್ಣುತ್ತಿದ್ದಾನೆ, ಪಕ್ಕದಲ್ಲಿ ಮುದುಕಿಯೊಬ್ಬಳು ತಂಬಿಗೆ ಬಗ್ಗಿಸಿ ನೀರು ಕೊಡುತ್ತಿದ್ದಾಳೆ. ಹೊಸಬರು ಇದನ್ನು ನೋಡಿ ನಗುತ್ತಾರೆ. ಊರವರೂ ನಗುತ್ತಾರೆ, ಆದರೆ ಅವರ ನಗೆಗೆ ಕಾರಣ ಬೇರೆ. ದಿಬ್ಬಕ್ಕೆ ಉಂಡರಸನ ದಿಬ್ಬವೆಂದು ಹೆಸರು.

ಹಿಂದೆ ಒಮ್ಮೆ ಈ ನಾಡನ್ನು ಈಚರಸನೆಂಬ ದೊರೆ ಆಳುತ್ತಿದ್ದ ಎನ್ನುತ್ತಾರೆ. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ಅವನನ್ನು ಬಾಳವ್ವನೆಂಬ ದಾದಿ ಎದೆಹಾಲು ಕೊಟ್ಟು ಸಾಕಿದಳು. ಪಟ್ಟಕ್ಕೆ ಬಂದ ಮೇಲೂ ಅವನಿಗೆ ಅವಳ ಕೈಯ ರೊಟ್ಟಿಯೇ ಆಗಬೇಕು. ಉಂಡೇಳುವಾಗ ಕೊನೆಯ ಚೂರನ್ನು ಸೊಂಟದ ವಸ್ತ್ರಕ್ಕೆ ಸಿಕ್ಕಿಸಿಕೊಂಡು ಹೋಗಿ ಕುದುರೆಗೆ ತಿನ್ನಿಸುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಆ ಕಾಲಕ್ಕೆ ಬಡಗಣ ನಾಡಿನ ಸಾಮಂತನೊಬ್ಬ ಅಲ್ಲಿಯ ಕೂಡಲದೇವರ ಗುಡಿಗೆ ಬೀಗ ಜಡಿದು, ಯಾತ್ರೆಗೆ ಬಂದವರನ್ನು ಹೊಡೆದು ಅಟ್ಟುತ್ತಿದ್ದನಂತೆ. ದೇವರ ಮುಖ ಕಾಣದೆ ಅಳುತ್ತ ಮರಳಿದವರನ್ನು ನೋಡಿ ಈಚರಸನ ರಕ್ತ ಕುದಿಯಿತು. ಕೂಡಲದೇವರ ಬಾಗಿಲು ತೆರೆಸದೆ ಈ ಕೆರೆಯ ನೀರು ಮುಟ್ಟುವುದಿಲ್ಲವೆಂದು ಏರಿಯ ಮೇಲೆ ನಿಂತು, ಊರೆಲ್ಲ ಕೇಳುವಂತೆ ಆಣೆಯಿಟ್ಟ. ಊರು ಜಯಕಾರ ಹಾಕಿತು. ಬಾಳವ್ವ ಮಾತ್ರ, ಆಣೆ ಇಡುವ ಮೊದಲು ತನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಗೊಣಗುತ್ತ ಬುತ್ತಿ ಕಟ್ಟಿಕೊಟ್ಟಳು.

ಕೆಲವು ಕಾಲದ ಮೇಲೆ ದಂಡು ಮರಳಿತು, ಅರಸ ಮರಳಲಿಲ್ಲ. ಬಾವುಟ ಹಿಡಿದು ಹೋಗಿದ್ದ ಮಾಚಯ್ಯ ನಡೆದುದನ್ನು ಹೇಳಿದ: ಅರಸರು ಕಾಳಗಗಳನ್ನೆಲ್ಲ ಗೆದ್ದರು, ಗುಡಿಯ ಬಾಗಿಲು ತೆರೆಸಿದರು, ಮರಳುವಾಗ ಬೆನ್ನಟ್ಟಿ ಬಂದ ವೈರಿಗಳನ್ನು ಹೊಳೆಯ ದಡದಲ್ಲಿ ಒಬ್ಬರೇ ತಡೆದು ನಿಂತು ಮಡಿದರು. ಊರು ಎದೆ ಬಡಿದುಕೊಂಡು ಅತ್ತಿತು, ಅತ್ತು ಮುಗಿದ ಮೇಲೆ ಹೆಮ್ಮೆಪಟ್ಟಿತು. ದಿಬ್ಬದ ಮೇಲೆ ಕಲ್ಲು ನಿಂತಿತು. ವರ್ಷಕ್ಕೊಮ್ಮೆ ಅದರ ಮುಂದೆ ಎಡೆ ಇಡುವುದು, ಮಾಚಯ್ಯ ಅರಸನ ಸಾಹಸ ಹೇಳುವುದು, ಊರು ಕೇಳುವುದು ಪದ್ಧತಿಯಾಯಿತು. ಮೊದಲ ವರ್ಷ ಅವನ ಕಥೆಯಲ್ಲಿ ಆನೆ ಇರಲಿಲ್ಲ. ಮರುವರ್ಷ ಒಂದು ಆನೆ ಬಂತು, ಶಿಲ್ಪಿ ಅದನ್ನೂ ಕೆಳಗಿನ ಅಂಕಣದಲ್ಲಿ ಕಡೆದ. ಮೇಲಿನ ಅಂಕಣಕ್ಕೆ ಅವನು ಉಳಿ ಹಚ್ಚಲು ಹೋದಾಗ ಬಾಳವ್ವ ಅಡ್ಡ ನಿಂತಳು. “ಹೆಣಾ ನೋಡೋತನಕ ನನ್ನ ಮಗನ್ನ ಕೈಲಾಸಕ್ಕ ಕಳಸಬ್ಯಾಡ್ರಿ” ಎಂದಳು. ಮುದುಕಿಯ ಮನಸ್ಸು ನೋಯಿಸುವುದು ಬೇಡವೆಂದು ಆ ಅಂಕಣವನ್ನು ಹಾಗೆಯೇ ಬಿಟ್ಟರು.

ಈಚರಸ ಸತ್ತಿರಲಿಲ್ಲ. ಹೊಳೆಯ ದಡದಲ್ಲಿ ಸೆರೆಸಿಕ್ಕು, ಸಾಮಂತನ ಕೋಟೆಯ ಕತ್ತಲಕೋಣೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ. ಕೊನೆಗೆ, ಇವನಿಗೆ ಕೂಳು ಹಾಕಿ ಏನು ಬಂತೆಂದು ಬೇಸತ್ತು ಅವರೇ ಹೊರಗೆ ನೂಕಿದರು. ಗಡ್ಡ ಬೆಳೆದು, ಮೈ ಸೊರಗಿ, ಕಾಲ್ನಡಿಗೆಯಲ್ಲಿ ಅವನು ಊರ ಕಡೆ ಬಂದ. ಆದರೆ ಊರೊಳಗೆ ಕಾಲಿಡುವ ಧೈರ್ಯ ಇರಲಿಲ್ಲ. ಎರಡು ಕಾಳಗ ಗೆದ್ದದ್ದು ನಿಜ. ಬಾಗಿಲು ತೆರೆಸಿದ್ದು ಸುಳ್ಳು. ಗುಡಿಯ ಗೋಪುರ ಕಣ್ಣಿಗೆ ಕಾಣುವಷ್ಟು ಹತ್ತಿರ ಹೋದಾಗ ವೈರಿಗಳು ದಾರಿಯ ಬಾವಿಗಳನ್ನೆಲ್ಲ ಹೂಳಿಬಿಟ್ಟಿದ್ದರು. ಅವನ ಕುದುರೆ ನೀರಿಲ್ಲದೆ ಅಲ್ಲೇ ಪ್ರಾಣ ಬಿಟ್ಟಿತು, ದಂಡಿನವರ ತುಟಿ ಒಡೆದಿದ್ದವು. ಇನ್ನೊಂದು ಹಗಲು ಮುಂದೆ ನಡೆಸಿದ್ದರೆ ಗುಡಿ ಸಿಗುತ್ತಿತ್ತೇನೋ, ಅರ್ಧ ದಂಡು ಉಳಿಯುತ್ತಿರಲಿಲ್ಲ. ಅವನು ಗೋಪುರಕ್ಕೆ ಕೈಮುಗಿದು ದಂಡನ್ನು ಹಿಂದಕ್ಕೆ ತಿರುಗಿಸಿದ್ದ. ಆಣೆ ಮುರಿದ ಅರಸನಿಗೆ ಊರೆಲ್ಲಿಯದು? ದಿಬ್ಬ ಹತ್ತಿ ಕೆರೆಯನ್ನು ಕಣ್ತುಂಬ ಒಮ್ಮೆ ನೋಡಿ, ಗುರುತು ಹೇಳದೆ ಎಲ್ಲಿಗಾದರೂ ಹೊರಟುಹೋಗುವುದೆಂದು ನಿಶ್ಚಯಿಸಿದ್ದ.

ಅವನು ದಿಬ್ಬ ಹತ್ತಿದ್ದು ಎಡೆ ಇಡುವ ದಿನ. ಊರವರು ಎಡೆ ಇಟ್ಟು, ಪದ್ಧತಿಯಂತೆ ಕೈಕಾಲು ತೊಳೆಯಲು ಕೆರೆಗೆ ಇಳಿದಿದ್ದರು. ಕಲ್ಲಿನಲ್ಲಿ ಗಿರಿಜಾಮೀಸೆಯವನೊಬ್ಬ ಆನೆಯ ಸೊಂಡಿಲು ಹಿಡಿದು ನಿಂತಿದ್ದ. ಅವನು ತಾನೇ ಎಂಬುದು ಈಚರಸನಿಗೆ ಹೇಗೆ ಹೊಳೆಯಬೇಕು? ಮುಂದೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಹಿಂಡಿ. ಅಪ್ಪಾ ವೀರ, ನೀನು ಸತ್ತವನು, ನಾನು ಹಸಿದವನು, ಕ್ಷಮಿಸು ಎಂದು ಕಲ್ಲಿಗೆ ಕೈಮುಗಿದು ಕುಳಿತುಬಿಟ್ಟ. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಆ ರೊಟ್ಟಿ ಯಾರ ಕೈಯದೆಂದು ನಾಲಗೆಗೆ ತಿಳಿಯಿತು.

ಊರವರು ಮರಳಿ ನೋಡಿದರೆ ಎಡೆ ಖಾಲಿ. ಹುಡುಗರು ಕೋಲೆತ್ತಿದರು. ಮಾಚಯ್ಯ ಅವರನ್ನು ತಡೆದ. ಹೊಸ ಕೇಳುಗ ಸಿಕ್ಕಾಗ ಅವನು ಬಿಡುವವನಲ್ಲ. “ಯಾರ ಎಡೀ ಉಂಡಿ ಗೊತ್ತೈತೇನಲೇ? ಈಚರಸರದ್ದು. ಆನೀ ಸೊಂಡಿಲಾ ಹಿಡದು ಗರಗರ ತಿರುಗಿಸಿ ಒಗದಾರ ಅವರು. ಕೂಡಲದೇವರ ಬಾಗಲಾ ಒಂದ ಒದತಕ್ಕ ತೆರದಾರ” ಎಂದ. ಆನೆಯ ಮಾತಿಗೆ ಈಚರಸನಿಗೆ ನಗು ಬಂತು. ಬಾಗಿಲಿನ ಮಾತು ಬಂದಾಗ ಮಾತ್ರ ಸುಮ್ಮನಿರಲಾಗಲಿಲ್ಲ. “ಆನಿ ಇರಲಿಲ್ಲ. ಬಾಗಲಾನೂ ತೆರೀಲಿಲ್ಲ. ಗೋಪುರ ಕಂಡು, ನೀರಿಲ್ಲದಕ್ಕ ಅರಸ ಹೊಳ್ಳಿ ಬಂದ” ಎಂದ. ದನಿಯ ಗುರುತು ಹತ್ತಿ ಮಾಚಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಸತ್ತ ಅರಸನನ್ನು ಹೀಗಳೆದನೆಂದು ಹುಡುಗರು ಮತ್ತೆ ಮೇಲೆ ಬಿದ್ದರು. ಆಗ ಬಾಳವ್ವ ಗುಂಪು ಸೀಳಿಕೊಂಡು ಬಂದಳು. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಸೊಂಟದ ಮೇಲಿತ್ತು. ಅಲ್ಲಿ, ಹರಕು ವಸ್ತ್ರದ ಮಡಿಕೆಯಲ್ಲಿ, ಒಂದು ರೊಟ್ಟಿ ಚೂರು ಇಣುಕುತ್ತಿತ್ತು.

“ಕುದರಿ ಎಲ್ಲೋ ಮಗನ?” ಎಂದಳು ಬಾಳವ್ವ.

“ಸತ್ತು ಹೋತವ್ವಾ” ಎಂದ ಅವನು. ಹೇಳಿದ ಮೇಲೆಯೇ ತನ್ನ ಕೈ ಮಾಡಿದ ಕೆಲಸ ಅವನಿಗೆ ತಿಳಿದದ್ದು.

ಈಚರಸ ತಲೆ ತಗ್ಗಿಸಿ, ಇನ್ನು ಊರು ಉಗುಳುವುದೊಂದೇ ಬಾಕಿ ಎಂದುಕೊಂಡ. ಮಾಚಯ್ಯನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. “ಇವರು ಹೊಳ್ಳದಿದ್ರ ನಮ್ಮ ಮನಿ ಮುಂದೂ ಒಂದೊಂದು ಕಲ್ಲು ನಿಂದರತಿತ್ತು. ಬಾಗಲಾ ತೆರಿಯೂದು ದೊಡ್ಡದಿರಬಹುದು. ನನ್ನ ಗಂಡನ್ನ ತಿರುಗಿ ಕಳಿಸಿದ್ದು ನನಗ ಅದಕ್ಕಿಂತ ದೊಡ್ಡದು” ಎಂದು ಅವನ ಕಾಲಿಗೆ ಬಿದ್ದಳು. ಅವಳ ಹಿಂದೆ ದಂಡಿನವರ ಹೆಂಡಂದಿರೆಲ್ಲ ಬಂದರು. ಮಾಚಯ್ಯ ಮರದ ಮರೆಗೆ ಸರಿದು ಅಳುತ್ತಿದ್ದ.

ಇಷ್ಟರಲ್ಲಿ, ಒಣರೊಟ್ಟಿ ಅವಸರದಲ್ಲಿ ನುಂಗಿದ್ದಕ್ಕೋ ಏನೋ, ಅರಸನಿಗೆ ಬಿಕ್ಕಳಿಕೆ ಹತ್ತಿತು. ಬಾಳವ್ವ ಕೆರೆಯ ನೀರಿನ ತಂಬಿಗೆ ಚಾಚಿದಳು. ಅವನು ಬಿಕ್ಕಳಿಸುತ್ತಲೇ ಕೈ ಹಿಂದಕ್ಕೆಳೆದುಕೊಂಡ. “ಆಣೆ ಐತವ್ವಾ.” ಬಾಳವ್ವ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಕಲ್ಲನ್ನು ನೋಡಿದಳು. “ಆಣೆ ಇಟ್ಟಾಂವ ಸತ್ತಾನಪ್ಪಾ. ಅತ್ತೇವಿ, ಕಲ್ಲು ನಿಲ್ಲಿಸೇವಿ, ವರ್ಷಾ ವರ್ಷಾ ಎಡಿ ಇಟ್ಟೇವಿ. ಅವಂದು ಅಲ್ಲಿಗೆ ತೀರಿತು. ನೀ ನನ್ನ ಮಗ. ನೀರು ಕುಡಿ.”

ಅವನು ಎರಡೂ ಕೈ ಬೊಗಸೆ ಮಾಡಿ ಕುಡಿದ. ತಂಬಿಗೆ ಬರಿದಾಗುವವರೆಗೆ ಕುಡಿದ. ಊರು ಆ ದಿನ ನಕ್ಕದ್ದು, ಕುಣಿದದ್ದು ಆಚೆ ದಡಕ್ಕೂ ಕೇಳಿಸಿತೆನ್ನುತ್ತಾರೆ. ಕಲ್ಲನ್ನು ಕೀಳಬೇಕೆಂದು ಕೆಲವರು ಅಂದಾಗ ಅರಸನೇ ಬೇಡವೆಂದ. ಶಿಲ್ಪಿ ತಾನು ಕಂಡದ್ದನ್ನೇ ಮೇಲಿನ ಅಂಕಣದಲ್ಲಿ ಕಡೆದ. ಆನೆಯನ್ನು ಅಳಿಸಲೇ ಎಂದು ಕೇಳಿದ್ದಕ್ಕೆ ಈಚರಸ ಮಾಚಯ್ಯನ ಮುಖ ನೋಡಿ, ಇರಲಿ ಬಿಡು, ಪಾಪ, ಬಹಳ ಕಷ್ಟಪಟ್ಟು ಸಾಕಿದ್ದಾನೆ ಎಂದನಂತೆ.

ಆ ಆನೆ ಇಂದಿಗೂ ಅಲ್ಲಿದೆ. ನೋಡಬಂದವರಿಗೆ ಊರ ಮಕ್ಕಳು ಮೊದಲು ತೋರಿಸುವುದು ಅದನ್ನೇ, ಸುಳ್ಳಾನೆ ಎಂದು ಹೆಸರಿಟ್ಟು. ಅದರ ಪಕ್ಕದಲ್ಲಿ ಕಡೆದಿರುವ ಅರಸನ ಕುದುರೆಯ ಬಾಯಿಯ ಬಳಿ ಸದಾ ಒಂದು ರೊಟ್ಟಿ ಚೂರು ಇರುತ್ತದೆ, ಇರುವೆಗಳು ಹಬ್ಬ ಮಾಡುತ್ತವೆ. ಎಡೆ ಇಡುವ ದಿನ ಮಾತ್ರ ಊರವರು ತಾವು ಮೊದಲು ಉಣ್ಣುವುದಿಲ್ಲ. ಬಡಗಣ ದಾರಿಯಲ್ಲಿ ಯಾರಾದರೂ ಹಸಿದವರು ಬರಲೆಂದು ಕಾಯುತ್ತಾರೆ. ಕಳೆದ ವರ್ಷ ಬಂದವನು ಸೈಕಲ್ಲು ಪಂಕ್ಚರಾಗಿ ತಳ್ಳಿಕೊಂಡು ಬರುತ್ತಿದ್ದ ಒಬ್ಬ ಪಾತ್ರೆ ಮಾರುವವ. ಅವನನ್ನು ಕಲ್ಲಿನ ಮುಂದೆ ಕೂಡಿಸಿ ರೊಟ್ಟಿ ಬಡಿಸಿದರು. ತನಗೇಕೆ ಈ ಉಪಚಾರವೆಂದು ಅವನಿಗೆ ತಿಳಿಯಲಿಲ್ಲ. ಊರಿನ ಅತಿ ಹಿರಿಯ ಮುದುಕಿ ತಂಬಿಗೆ ಬಗ್ಗಿಸಿ, “ಕುಡೀರಿ ಅರಸರ, ತಡಾ ಮಾಡಿ ಬಂದ್ರಿ” ಎಂದಳು.