ಚಿರತೆಗೆ ಕಟ್ಟದ ಪಟ್ಟಿ

ಮರಿ ಹಾಕಿದ ಚಿರತೆ ಎಲ್ಲಿ ಬೇಟೆಯಾಡುತ್ತದೆಂದು ಪತ್ತೆಯಾಗಬೇಕಿತ್ತು. "ಅರಿವಳಿಕೆ ಹೊಡೆದು ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿ. ನಾಳೆಯೇ!" ಎಂದು ವಲಯ ಅರಣ್ಯಾಧಿಕಾರಿ ಗದರಿದರು.

ಕಾವಲುಗಾರ್ತಿ ಜಡೆಮಾದಿಗೆ ಕೂತಲ್ಲಿ ಕೂರಲಾಗಲಿಲ್ಲ. ತಾಯಿ ಮತ್ತೆ ಏಳದಿದ್ದರೆ ಮರಿಗಳ ಗತಿಯೇನು? ಕಾಡೆಲ್ಲ ಅಲೆದು ಚಿರತೆಯ ಹಿಕ್ಕೆ ತಂದು, ಅದು ಏನು ತಿಂದಿದೆಯೆಂದು ನೋಡಲು ತೊಳೆದಳು. ಕೆಂಪು ಪುಕ್ಕ ಸಿಕ್ಕಿತು, ಜೊತೆಗೊಂದು ಹಿತ್ತಾಳೆ ಗೆಜ್ಜೆ. ಕಾಲಿಗೆ ಅಂಥ ಗೆಜ್ಜೆ ಕಟ್ಟಿದ ಹುಂಜಗಳಿದ್ದದ್ದು ಅಧಿಕಾರಿಯ ಹಿತ್ತಲಲ್ಲಿ ಮಾತ್ರ. ಜೂಜಿಗೆಂದು ಕದ್ದುಮುಚ್ಚಿ ಸಾಕಿದವು.

ಗೆಜ್ಜೆಯನ್ನು ಅವರ ಮೇಜಿನ ಮೇಲಿಟ್ಟಳು. "ಪಟ್ಟಿ ಕಟ್ಟೋಣ ಬುದ್ಧಿ. ಅದು ಊಟಕ್ಕೆ ಹೋದ ಜಾಗವೆಲ್ಲ ಮೇಲಿನ ಕಚೇರಿಯ ಕಂಪ್ಯೂಟರಲ್ಲಿ ಕಾಣುತ್ತಂತಲ್ಲ?"

ಅಧಿಕಾರಿ ಹಣೆ ಒರೆಸಿಕೊಂಡರು. ಎದ್ದು ಹೋಗಿ ಕಿಟಕಿ ಮುಚ್ಚಿದರು.

"ಪಾಪ, ಬಾಣಂತಿ. ಪಟ್ಟಿ ಬೇಡ," ಎಂದರು. "ಹಿಕ್ಕೆಯಿಂದಲೇ ಪತ್ತೆ ಮಾಡಿ. ಆದರೆ ನನ್ನ ಬಂಗಲೆಯ ಕಡೆ ಮಾತ್ರ ಹುಡುಕಬೇಡಿ!"