ಮೂಲೆಯಿಂದ ಮೂಲೆಗೆ

ಪಾಳೆಯಗಾರನ ಪುಟ್ಟ ಮಗಳು ಸತ್ತಾಗ ಅವಳ ಸಮಾಧಿಗೆ ಒಂದು ಮಾರು ಚೌಕದ ಕಟ್ಟೆ ಕಟ್ಟಿಸಿದ್ದರು. ವರ್ಷ ತುಂಬುವ ಮೊದಲೇ ತಾಯಿಯೂ ಹೋದಳು. "ಅವಳದೂ ಚೌಕದ ಕಟ್ಟೆಯೇ ಇರಲಿ. ಮಗಳ ಕಟ್ಟೆಯ ಸರಿಯಾಗಿ ಎರಡರಷ್ಟು ಜಾಗ ಹಿಡಿಯಲಿ" ಎಂದ ಪಾಳೆಯಗಾರ.

ಶಾನುಭೋಗರು ಮೂರು ದಿನ ಲೆಕ್ಕ ಹಾಕಿದರು. ಬದಿ ಒಂದೂವರೆ ಮಾರು ಇಟ್ಟರೆ ಜಾಗ ಹೆಚ್ಚಾಯಿತು. ಒಂದೂಕಾಲು ಇಟ್ಟರೆ ಕಡಿಮೆಯಾಯಿತು. ಕೊನೆಗೆ ಕಲ್ಲುಕುಟಿಗನನ್ನು ಕರೆಸಿ, "ಅಳತೆ ನೀನೇ ಹೇಳಬೇಕಯ್ಯ. ಕೂದಲೆಳೆಯಷ್ಟು ತಪ್ಪಿದರೂ ಊರು ಬಿಡು" ಎಂದು ಗದರಿದರು.

ಕಲ್ಲುಕುಟಿಗ ಮಗುವಿನ ಕಟ್ಟೆಯ ಒಂದು ಮೂಲೆಯಲ್ಲಿ ಹಗ್ಗ ಹಿಡಿದು ಕೂತ. "ಧಣಿ, ಮೊದಲ ಅಳತೆಗೆ ಮನೆಯವರೇ ಹಗ್ಗ ಹಿಡಿಯೋದು ವಾಡಿಕೆ. ಎದುರು ಮೂಲೆಗೆ ಬನ್ನಿ."

ಪಾಳೆಯಗಾರ ಬಂದು ಮಂಡಿಯೂರಿ ಇನ್ನೊಂದು ತುದಿ ಹಿಡಿದ.

"ಇಷ್ಟೇ ನೋಡಿ, ಅಮ್ಮನವರ ಕಟ್ಟೆಯ ಬದಿ. ಮಗುವಿನ ಕಟ್ಟೆಯನ್ನ ಹೀಗೆ ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ತುಂಡು. ಅಂಥವು ನಾಲ್ಕು ಕೂಡಿದರೆ ಅಮ್ಮನವರದು."

ಶಾನುಭೋಗರು ಮಣ್ಣಿನಲ್ಲಿ ಗೀಚಿ ನೋಡಿದರು. ಸರಿಯಾಗಿಯೇ ಇತ್ತು. ಆದರೂ ಬಿಡಲಿಲ್ಲ. "ಎಷ್ಟು ಮಾರು ಅಂತ ಬರೆದುಕೊಳ್ಳಲಿ?"

"ಬರೆಯೋಕೆ ಕೂತರೆ ಮುಗಿಯೋದಿಲ್ಲ ಸ್ವಾಮಿ. ಒಂದು ಚೂರು ಉಳಿದೇ ಉಳಿಯುತ್ತೆ. ನಮ್ಮಪ್ಪನೂ ಅಳೆದು ಅಳೆದು ಸೋತ."

ಶಾನುಭೋಗರು ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಇನ್ನು ಹಗ್ಗ ಬಿಡಿ ಧಣಿ, ಗುರುತು ಹಾಕಬೇಕು" ಎಂದ ಕಲ್ಲುಕುಟಿಗ.

ಪಾಳೆಯಗಾರ ಬಿಡಲಿಲ್ಲ. ಇನ್ನೊಂದು ಕೈಯಿಂದ ಮಗಳ ಕಟ್ಟೆಯ ಮೇಲಿನ ಧೂಳು ಸವರುತ್ತಿದ್ದ. ಹಗ್ಗ ಸಡಿಲವಾಗದಿರಲೆಂದು ಕಲ್ಲುಕುಟಿಗನೂ ತನ್ನ ತುದಿ ಹಿಡಿದೇ ಕೂತ.